ಒಂದೇ ಹಾಸಿನ ಎರಡು ಸೀರೆ

ನನ್ನ ನಾದಿನಿ ಮದುವೆಯಾಗದೆ ಉಳಿದಳು ಎಂದು ರಬಕವಿಯ ಮಂದಿ ಹೇಳುತ್ತಾರೆ. ಸುಳ್ಳು. ಆಕೆ ಸಂಸಾರ ಹೂಡಿ ನಲವತ್ತು ವರ್ಷವಾಯಿತು. ನಾವು ಹೋಗಿ ಅಕ್ಕಿಕಾಳು ಹಾಕಲಿಲ್ಲ, ಅಷ್ಟೇ. ಊಟ ತಪ್ಪಿತು, ಅದೊಂದೇ ನಷ್ಟ.

ಇದನ್ನು ಹೇಳಲು ಇಷ್ಟು ವರ್ಷ ಯಾಕೆ ಬೇಕಾಯಿತು ಎಂದು ಕೇಳಬೇಡಿ. ನಾನು ಕಲಿತದ್ದು ಮೂರನೆಯ ಇಯತ್ತೆ. ಹಾಗಂತ ಸಾಲಿ ಕಲಿತವರಿಗೇನು ಗೊತ್ತಾಗಿತ್ತು? ನನ್ನ ಮಗ ನಾವಿರುವ ಬನಹಟ್ಟಿಯಲ್ಲೇ ಮಾಸ್ತರ. ಅವನಿಗೂ ಗೊತ್ತಾಗಿರಲಿಲ್ಲ.

ವಯಸ್ಸಿನಲ್ಲಿ ಆಕೆಗೆ ಮೂರು ವರ ಬಂದಿದ್ದವು. ಮೊದಲನೆಯವನ ಮೀಸೆ ಸರಿಯಿಲ್ಲ ಎಂದಳು. ಎರಡನೆಯವನ ಅವ್ವ ಸರಿಯಿಲ್ಲ ಎಂದಳು. ಮೂರನೆಯವನಲ್ಲಿ ಹುಡುಕಿದರೂ ಐಬು ಸಿಗಲಿಲ್ಲ. "ಐಬ ಇಲ್ಲದಾಂವನ್ನ ಕಟಗೊಂಡು ಏನ ಮಾಡ್ಲಿ ವೈನಿ? ದಿನಾ ಯಾರನ್ನ ಬೈಲಿ?" ಎಂದು ಅತ್ತಿಗೆಯಾದ ನನ್ನನ್ನೇ ಕೇಳಿದಳು. ನನ್ನ ಮಾವ ತೀರಿಕೊಂಡಾಗ ಆಕೆಯ ಪಾಲಿಗೆ ರಬಕವಿಯ ಮನೆ, ಮನೆಯೊಳಗೊಂದು ಕೈಮಗ್ಗ ಬಂದವು. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿಕೊಡಲು ಹುನ್ನೂರಿನಿಂದ ಒಬ್ಬಳು ಬಂದಳು. ಒಂದು ವಾರದ ಮಟ್ಟಿಗೆ. ಆ ವಾರ ಇನ್ನೂ ಮುಗಿದಿಲ್ಲ.

ಇಬ್ಬರದೂ ಒಂದು ಹುಚ್ಚು. ಮಗ್ಗಕ್ಕೆ ಉದ್ದ ನೂಲಿನ ಒಂದು ಹಾಸು ಹೂಡಿದರೆ ನಾಲ್ಕಾರು ಸೀರೆ ಒಂದರ ಬೆನ್ನಿಗೊಂದು ನೇಯ್ದು ಬರುತ್ತವೆ, ಆಮೇಲೆ ಕತ್ತರಿಸಿ ಬೇರೆ ಮಾಡುತ್ತಾರೆ. ಇವರು ಉಡುವುದು ಒಂದೇ ಹಾಸಿನ ಅಕ್ಕಪಕ್ಕದ ಎರಡು ಸೀರೆ. ಬೇರೆಯದು ಮುಟ್ಟುವುದಿಲ್ಲ. ಪಂಚಮಿಗೆ ತವರಿಗೆ ಬಂದ ನಾದಿನಿಗೆ ನಾನೊಮ್ಮೆ ಚಲೋ ಸೀರೆ ಉಡಿಸಿ ಕಳಿಸಿದೆ. ಸಂಜೆಯೊಳಗೆ ಅಂಗಡಿಗೆ ಒಯ್ದು, ಅದನ್ನು ಕೊಟ್ಟು ಒಂದೇ ಹಾಸಿನ ಎರಡು ಸಾದಾ ಸೀರೆ ತಂದಿದ್ದಳು. ನಾನು ಉರಿದುಬಿದ್ದೆ. "ನೀ ಒಂದ ಕೊಟ್ಟಿ ವೈನಿ, ನಾ ಎರಡ ಮಾಡಿದ್ನಿ. ಇದರಾಗ ಸಿಟ್ಟ ಬರೂದೇನೈತಿ?" ಎಂದಳು. ಮರುವರ್ಷವೂ ನಾನು ಒಂದೇ ಕೊಟ್ಟೆ. ಹಟ ಅವರಿಗಷ್ಟೇ ಇರುತ್ತದೆಯೇ?

ನನ್ನ ಮಗನ ಮದುವೆಯಲ್ಲಿ ಹೆಂಗಸರೆಲ್ಲ ಒಡಪು ಹಾಕಿ ಗಂಡನ ಹೆಸರು ಹೇಳುತ್ತಿದ್ದರು. ಯಾರೋ ನಾದಿನಿಯನ್ನು ಕೆಣಕಿದರು: "ನಿಂದೇನ ಬಿಡವಾ, ಹೇಳಾಕ ಹೆಸರರೆ ಎಲ್ಲೈತಿ?" ಈಕೆ ಸೆರಗು ಸರಿಮಾಡಿಕೊಂಡು ಎದ್ದು ನಿಂತು, "ಲಾಳಿಗಿ ಕಂಡಿಕಿ ಚಂದ, ಸೀರಿಗಿ ಸೆರಗ ಚಂದ, ಸಿಟ್ಟಾಗಿ ಕುಂತ್ರೂ..." ಎಂದು ಆ ಹುನ್ನೂರಿನವಳ ಹೆಸರು ಹೇಳಿ, "ಚಂದ" ಎಂದು ಮುಗಿಸಿದಳು. ಹಂದರವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಹುನ್ನೂರಿನವಳು ನಗಲಿಲ್ಲ. ನೀರು ಕುಡಿಯಲು ಎದ್ದು ಹೋದವಳು ಬಹಳ ಹೊತ್ತು ಬರಲಿಲ್ಲ.

ಮುಂದೆ ದಿಲ್ಲಿಯ ದೊಡ್ಡ ಕೋರ್ಟಿನಲ್ಲಿ ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಬಹುದೋ ಬಾರದೋ ಎಂಬ ವಾದ ನಡೆಯಿತು. ಎಂದೂ ಟೀವಿ ನೋಡದ ನಾದಿನಿ ಸಂಜೆ ಸಂಜೆ ನಮ್ಮ ಮನೆಗೆ ಬಂದು ಕೂತಳು. ಟೀವಿಯೊಳಗಿನವರು ಸಂಸ್ಕೃತಿ ಹಾಳಾಯಿತೆಂದು ಕೂಗಾಡುತ್ತಿದ್ದರು. ನನಗೆ ನಗು ಬಂತು. ಹದಿನೈದಕ್ಕೆ ನನ್ನನ್ನು ಮುಖ ನೋಡದವನಿಗೆ ಕಟ್ಟಿದಾಗ ಯಾರೂ ವಾದ ಮಾಡಿರಲಿಲ್ಲ.

"ಅವೆಲ್ಲ ದೊಡ್ಡ ಊರ ಮಂದಿ ಆಟ, ಅತ್ತಿ. ನಮ್ಮ ಕಡೆ ಅಂಥಾವ್ರು ಇಲ್ಲ," ಎಂದ ನನ್ನ ಮಗ.

"ಹೌದಪಾ, ನಮ್ಮ ಕಡೆ ಎಲ್ಲಿರತಾರ?" ಎಂದು ನಾದಿನಿ ಶೇಂಗಾ ಸುಲಿದಳು. "ತೀರ್ಪು ಬಂದ ದಿನ ಒಂದ ಫೋನ ಹಚ್ಚು."

ತೀರ್ಪು ಬಂತು. ಮದುವೆಗೆ ಕೋರ್ಟು ಒಪ್ಪಲಿಲ್ಲ. ಅದು ಕಾಯ್ದೆ ಮಾಡುವ ಪಾರ್ಲಿಮೆಂಟಿನ ಕೆಲಸ ಎಂದಿತು. ಮಗ ಫೋನ್ ಮಾಡಿದ. "ಆತ ಬಿಡಪಾ. ಇವತ್ತ ಕಂಡಿಕಿ ಭಾಳ ಅದಾವ," ಎಂದು ಆಕೆ ಇಟ್ಟುಬಿಟ್ಟಳಂತೆ.

ಹೋದ ತಿಂಗಳು ಮಗ್ಗದ ಮೇಲೆ ಕೂತಲ್ಲೇ ನಾದಿನಿಗೆ ಲಕ್ವಾ ಹೊಡೆಯಿತು. ಬಾಯಿ ಸೊಟ್ಟಗಾಗಿ ಮಾತು ನಿಂತಿತು. ನಾನೂ ಮಗನೂ ಜಮಖಂಡಿಯ ದವಾಖಾನೆ ಮುಟ್ಟಿದಾಗ ಹುನ್ನೂರಿನವಳು ನಾದಿನಿಯ ಚಪ್ಪಲಿ ಹಿಡಿದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು.

"ಒಳಗ ಬಿಡವಲ್ರು, ವೈನಿ. ನೀವ ಅವರಿಗಿ ಏನಾಗಬೇಕು ಅಂದ್ರು."

"ನೀ ಏನಂದಿ?"

"ಏನೂ ಆಗಬೇಕಿಲ್ರಿ ಅಂದ್ನಿ."

ನಲವತ್ತು ವರ್ಷ ಹೇಳಿಕೊಂಡು ಬಂದ ಮಾತು. ಆ ಹೊತ್ತಿಗೂ ಅದೇ ಬಾಯಿಗೆ ಬಂದಿದೆ.

ನಾನು ಅಣ್ಣನ ಹೆಂಡತಿ ಎಂದೆ. ಬಾಗಿಲು ತೆರೆಯಿತು. ಒಳಗೆ ನರ್ಸಬಾಯಿ ಕೇಳಿದಳು: "ಬಿದ್ದದ್ದು ಎಷ್ಟಕ್ಕರಿ?" ನನಗೇನು ಗೊತ್ತು? ಹೊರಗೆ ಬಂದೆ. "ಒಂಬತ್ತಕ್ಕ ಹತ್ತ ಮಿನಿಟ ಕಡಿಮಿ ಇತ್ತು. ಮಗ್ಗದ ಸಪ್ಪಳ ನಿಂತು, ತಿರುಗಿ ನೋಡಿದ್ನಿ," ಎಂದಳು ಹುನ್ನೂರಿನವಳು. ಒಳಗೆ ಹೋದೆ. "ಬೀಪಿ ಗುಳಗಿ ಯಾವುದು?" ಮತ್ತೆ ಹೊರಗೆ. ಆಕೆ ಸಂಚಿಯಿಂದ ಗುಳಿಗೆಯ ಹಾಳೆ ತೆಗೆದುಕೊಟ್ಟಳು. ಮತ್ತೆ ಒಳಗೆ. "ಯಾವುದರೆ ಔಷಧ ಮೈಗಿ ಆಗಂಗಿಲ್ಲೇನು?" ಮತ್ತೆ ಹೊರಗೆ. ಹನ್ನೊಂದು ವರ್ಷದ ಹಿಂದೆ ಯಾವುದೋ ಸೂಜಿಗೆ ಮೈತುಂಬ ದದ್ದು ಎದ್ದಿದ್ದವಂತೆ. ಆ ಚೀಟಿಯೂ ಸಂಚಿಯಲ್ಲಿತ್ತು.

"ಅಜ್ಜಿ, ಹೊರಗ ಯಾರನ್ನ ಕೇಳಿ ಬರಾಕತ್ತೀರಿ?" ಎಂದಳು ನರ್ಸಬಾಯಿ.

ಪ್ರೀತಿ ಉಕ್ಕಿ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಮೊಣಕಾಲು ನೋಯುತ್ತಿತ್ತು. "ನಮ್ಮ ಬೀಗತಿನ್ನ," ಎಂದುಬಿಟ್ಟೆ.

"ಬೀಗತಿ ಅಂದ್ರ ಸಂಬಂಧಿಕರ ಆದ್ರಲ್ಲ. ಮೊದಲ ಹೇಳಬಾರದೇನ್ರಿ?"

"ನನಗೂ ಈಗ ಗೊತ್ತಾತು, ತಂಗಿ."

ಹುನ್ನೂರಿನವಳು ಒಳಗೆ ಹೋದಳು. ನಾದಿನಿ ಅಲ್ಲಾಡುತ್ತಿದ್ದ ಒಂದೇ ಕೈಯಿಂದ ಆಕೆಯ ಸೆರಗು ಹಿಡಿದುಕೊಂಡವಳು, ನಾವು ಸಂಜೆ ಹೊರಡುವ ತನಕ ಬಿಡಲಿಲ್ಲ. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದರು.

ಮನೆಗೆ ಬಂದು ಮಗ ಲೆಕ್ಕಾಚಾರ ಶುರು ಮಾಡಿದ. "ಅತ್ತಿನ್ನ ಇಲ್ಲಿಗೇ ಕರಕೊಂಡ ಬರೂನು, ಅವ್ವಾ. ಆ ಬಾಯಿನ್ನ ಹುನ್ನೂರಾಗ ಅವರ ಅಣ್ಣನ ಮನಿಗಿ ಬಿಟ್ಟ ಬರತೇನಿ. ರಬಕವಿ ಮನಿ ಕೀಲಿ ಹಾಕೂನು."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅತ್ತೆಯೆಂದರೆ ಅವನಿಗೆ ಜೀವ. ಆದರೆ ಒಂದು ಸಂಸಾರ ಮುರಿಯಲು ಕೆಟ್ಟ ಮನಸ್ಸೇ ಬೇಕೆಂದೇನಿಲ್ಲ.

"ಲೇ, ನಾಳೆ ನಿನಗ ಲಕ್ವಾ ಹೊಡದ್ರ ನಿನ್ನ ಹೇಣ್ತಿನ್ನ ನಾ ತವರಿಗಿ ಬಿಟ್ಟ ಬರ್ಲೇನು?"

"ಅದಕ್ಕೂ ಇದಕ್ಕೂ ಏನ ಸಂಬಂಧ?"

"ಬರೋಬ್ಬರಿ ಕೇಳಿದಿ. ಸಂಬಂಧ ಏನಂತ ನಲವತ್ತ ವರ್ಷ ನಾವ್ಯಾರೂ ಕೇಳ್ಳಿಲ್ಲ. ಇಬ್ಬರೂ ರಬಕವಿ ಮನ್ಯಾಗ ಇರತಾರ. ದಿನಾ ನಾವ ಹೋಗಿ ಬರೂನು."

"ಮಂದಿ ಏನಂತಾರವಾ?"

"ಮಂದಿ ನಿನ್ನ ಮದವ್ಯಾಗ ಹೊಟ್ಟಿ ತುಂಬ ನಕ್ಕಾರ. ನಕ್ಕವ್ರೊಳಗ ಒಬ್ಬರು ನಿಮ್ಮತ್ತಿ ಗುಳಗಿ ಹೆಸರ ಹೇಳ್ಲಿ. ಅವರ ಮಾತ ಕೇಳೂನು."

ಮಗ ಹುನ್ನೂರಿಗೆ ಫೋನ್ ಮಾಡಲೆಂದು ತೆಗೆದಿಟ್ಟಿದ್ದ ನಂಬರಿನ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಎದ್ದು ಜಳಕ ಮಾಡಿದೆ. ಮೊದಲ ಸಲ ಬೀಗತಿಯ ಉಡಿ ತುಂಬುವಾಗ ಬರಿಗೈಯಲ್ಲಿ ಹೋಗಬಾರದು. ಅಕ್ಕಿ, ಕೊಬ್ಬರಿ, ಕುಬಸದ ಕಣ ಚೀಲಕ್ಕೆ ಹಾಕಿಕೊಂಡು ನಮ್ಮ ಹಿಂದಿನ ಓಣಿಯ ನೇಕಾರನ ಮನೆಗೆ ಹೋದೆ. ಮಗ್ಗದಿಂದ ಆಗಷ್ಟೇ ಇಳಿಸಿದ ಎರಡು ಸೀರೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅವನು ಕತ್ತರಿ ತೆಗೆದ.

"ತಡಿ," ಎಂದೆ. "ಹಂಗ ಕೊಡು."

"ಎರಡ ಸೀರಿ ಅದಾವಲ್ಲ, ಆಯಿ. ಕತ್ತರಿಸದ ಹೆಂಗ ಉಡತಾರ?"

"ಅದನ್ನ ಅವರ ನೋಡಕೋತಾರ," ಎಂದು ಇಡಿಯಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು, ಜಮಖಂಡಿಯ ಬಸ್ಸು ಹತ್ತಿದೆ.