ಕುಟುಂಬ ಸಂಖ್ಯೆ ಹದಿನೇಳು

ಪರದೇಶದಲ್ಲಿ ವಾಸಿಸುವ ವ್ಯಕ್ತಿಯು ತಾನು ತಾನೇ ಎಂದು ಎಷ್ಟು ಗಟ್ಟಿಯಾಗಿ ಹೇಳಿಕೊಂಡರೂ, ಮೊಹರು ಬೀಳುವ ತನಕ ಅವನು ಬೇರೆ ಯಾರೋ ಆಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಇದು ನಮ್ಮ ಕಚೇರಿಯ ನಿಯಮಾವಳಿಯ ಮೊದಲನೇ ಕಲಮು. ಹನ್ನೊಂದು ವರ್ಷದಿಂದ ಈ ಕಚೇರಿಯ ಕೌಂಟರಿನಲ್ಲಿ ಕೂತಿದ್ದೇನೆ. ಈ ಕಲಮಿನ ವಿರುದ್ಧ ಯಾರೂ ಒಂದು ಮಾತೂ ಆಡಿದ್ದಿಲ್ಲ. ಆಡಿದವರ ಮಾತಿಗೆ ಮೊಹರು ಇರಲಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕಚೇರಿ ಇರುವುದು ಒಂದು ಚಪ್ಪಲಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಹತ್ತು ಕುರ್ಚಿಗಳಿವೆ. ಯಾರೂ ಹೊತ್ತೊಯ್ಯದ ಹಾಗೆ ಅವನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಲಾಗಿದೆ. ಈ ಊರಿನಲ್ಲಿ ನಮ್ಮ ಭಾಷೆ ಓದಬಲ್ಲ ನೋಟರಿ ಒಬ್ಬರೇ. ಅವರೇ ನಮ್ಮ ಸಾಹೇಬರು. ಊರಿನ ಇತರ ನೋಟರಿಗಳು ಅರ್ಧ ದರಕ್ಕೆ ಮೊಹರು ಹಾಕುತ್ತಾರೆ, ನಿಜ. ಆದರೆ ಅವರಿಗೆ ಕಾಗದ ಅರ್ಥವಾಗಬೇಕಾದರೆ ಅನುವಾದಕ ಬೇಕು, ಅನುವಾದಕನ ಸಹಿ ಸಾಚಾ ಎನ್ನುವುದಕ್ಕೆ ನಮ್ಮ ಸಾಹೇಬರ ಮೊಹರು ಬೇಕು. ಹಾಗಾಗಿ ಅಗ್ಗದ ದಾರಿ ಹುಡುಕಿಕೊಂಡು ಹೋದವರು ಊರೆಲ್ಲ ಸುತ್ತಿ ಕೊನೆಗೆ ನಮ್ಮ ಮೆಟ್ಟಿಲನ್ನೇ ಹತ್ತುತ್ತಾರೆ. ರಾಯಭಾರ ಕಚೇರಿಯಲ್ಲಿ ಇದೇ ಕೆಲಸ ಹೆಚ್ಚುಕಡಿಮೆ ಪುಕ್ಕಟೆ. ಅಲ್ಲಿ ಸರದಿ ಸಿಗುವುದು ಏಳು ತಿಂಗಳ ನಂತರ.

ನಮ್ಮ ಶುಲ್ಕದ ಬಗ್ಗೆ ತಪ್ಪು ತಿಳಿವಳಿಕೆ ಇದೆ. ಅರ್ಜಿದಾರನನ್ನು ಗುರುತಿಸಲು ಒಂದು ಶುಲ್ಕ, ಗುರುತಿಸಿದ್ದೇವೆಂದು ಬರೆಯಲು ಇನ್ನೊಂದು, ಅಷ್ಟು ಹೊತ್ತು ಅವನು ಕೂರುವ ಕುರ್ಚಿಗೆ ಮತ್ತೊಂದು. ನಿಂತುಕೊಂಡೇ ಇರುತ್ತೇನೆ ಎಂದವರಿಗೆ ರಿಯಾಯಿತಿ ಕೊಡಲಾಗದು, ನೆಲವೂ ಬಾಡಿಗೆಯದೇ.

ಆ ವರ್ಷ ಸಾಹೇಬರಿಗೆ ನಮ್ಮ ಜನರ ಮೇಲೆ ಕರುಣೆ ಹುಟ್ಟಿತು. ಎದುರು ಬೀದಿಯಲ್ಲಿ ಇನ್ನೊಬ್ಬ ನೋಟರಿ ನಮ್ಮ ಭಾಷೆ ಕಲಿಯಲು ಶುರುಮಾಡಿದ್ದಾನೆಂಬ ಸುದ್ದಿ ಬಂದದ್ದೂ ಅದೇ ವಾರ. ಬಾಗಿಲಿಗೆ ನಾನೇ ಈ ಪ್ರಕಟಣೆಯನ್ನು ಅಂಟಿಸಿದೆ:

"ಪರದೇಶದಲ್ಲಿರುವ ನಮ್ಮವರ ಕಷ್ಟವನ್ನು ಮನಗಂಡು ಕುಟುಂಬ ದರವನ್ನು ಜಾರಿಗೆ ತರಲಾಗಿದೆ. ಕನಿಷ್ಠ ಮೂವರಿರುವ ಕುಟುಂಬಕ್ಕೆ ಒಬ್ಬರ ಶುಲ್ಕ ಮಾತ್ರ. ಕುಟುಂಬವೆಂದು ಅಫಿಡವಿಟ್ ಸಲ್ಲಿಸತಕ್ಕದ್ದು. ಅಫಿಡವಿಟ್‌ಗೆ ಮೊಹರು ಉಚಿತ."

ಮೂರೇ ದಿನದಲ್ಲಿ ಹದಿನಾರು ಕುಟುಂಬಗಳು ದಾಖಲಾದವು. ನಾಲ್ಕನೇ ದಿನ ಲಿಫ್ಟ್ ಮೆಕ್ಯಾನಿಕ್ ಮತ್ತು ಕನ್ನಡಕದಂಗಡಿಯ ಹುಡುಗಿ ಬಂದರು. ಅವನು ಊರಿನ ಎತ್ತರದ ಕಟ್ಟಡಗಳಲ್ಲಿ ಸಿಕ್ಕಿಕೊಂಡವರನ್ನು ಕೆಳಗಿಳಿಸುವವನು. ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು. ಅವಳ ಬೆರಳ ತುದಿಗಳು ನುಣ್ಣಗೆ ಸವೆದಿದ್ದವು. ಇಬ್ಬರೂ ಮದುವೆಯಾಗಬೇಕಿತ್ತು. ಅದಕ್ಕೆ ತಾವು ಇದುವರೆಗೆ ಮದುವೆಯಾಗಿಲ್ಲ ಎಂದು ಇಬ್ಬರೂ ಸಾಬೀತುಮಾಡಬೇಕಿತ್ತು. ಊರಿನ ವಿವಾಹ ನೋಂದಣಿ ಕಚೇರಿ ಇಪ್ಪತ್ತನಾಲ್ಕನೇ ತಾರೀಕು ಕೊಟ್ಟಿತ್ತು. ಮೂವತ್ತಕ್ಕೆ ಕನ್ನಡಕದಂಗಡಿ ಮುಚ್ಚುತ್ತಿತ್ತು, ಅದರ ಜೊತೆಗೇ ಅವಳಿಗೆ ಇಲ್ಲಿರುವ ಪರವಾನಗಿಯೂ ಮುಗಿಯುತ್ತಿತ್ತು; ಮದುವೆಯಾದರೆ ಗಂಡನ ಪರವಾನಗಿಯ ಮೇಲೆ ಉಳಿಯಬಹುದಿತ್ತು. ಇಪ್ಪತ್ತನಾಲ್ಕು ತಪ್ಪಿದರೆ ಮುಂದಿನ ತಾರೀಕು ಐದು ತಿಂಗಳ ನಂತರ, ಅಷ್ಟರಲ್ಲಿ ಮದುಮಗಳು ವಿಮಾನ ಹತ್ತಿ ಹೋಗಿರುತ್ತಿದ್ದಳು.

ನಾನು ಇಬ್ಬರ ಶುಲ್ಕ ಹೇಳಿದೆ. ಅದು ಅವರು ಬಾಡಿಗೆ ಕೋಣೆಯ ಮುಂಗಡಕ್ಕೆಂದು ಕೂಡಿಟ್ಟದ್ದರ ಸರಿಸುಮಾರು ಅಷ್ಟೇ ಆಗಿತ್ತು. ಹುಡುಗಿ ಪ್ರಕಟಣೆಯನ್ನು ಎರಡು ಸಲ ಓದಿ, ನಾವಿಬ್ಬರೇ ಇದ್ದೇವಲ್ಲ, ಇನ್ನೊಬ್ಬರು ಸಿಗುತ್ತಾರಾ ಎಂದು ಕೇಳಿದಳು.

ಮೂಲೆಯ ಕುರ್ಚಿಯಲ್ಲಿ ಇಸ್ತ್ರಿಯಮ್ಮ ಕೂತಿದ್ದರು. ದೊಡ್ಡ ಹೋಟೆಲೊಂದರಲ್ಲಿ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುವ ವಿಧವೆ, ವಯಸ್ಸು ಅರವತ್ತೊಂದು. ತೀರಿಹೋದ ಗಂಡನ ಪಿಂಚಣಿ ಬರಬೇಕಾದರೆ ತಾನಿನ್ನೂ ಬದುಕಿದ್ದೇನೆ ಎಂಬ ಜೀವಿತ ಪ್ರಮಾಣಪತ್ರವನ್ನು ಪ್ರತಿವರ್ಷ ಕಳಿಸಬೇಕಿತ್ತು. ಕಳೆದ ಸಲ ಶುಲ್ಕ ಹೊಂದಿಸಲಾಗದೆ ಕಳಿಸಿರಲಿಲ್ಲ. ಹಾಗಾಗಿ ಪಿಂಚಣಿ ಕಚೇರಿಯ ದಾಖಲೆಯ ಪ್ರಕಾರ ಅವರು ಹದಿಮೂರು ತಿಂಗಳಿಂದ ಇರಲಿಲ್ಲ. ಇಲ್ಲದವರಾದರೂ ದಿನವೂ ಎಂಟು ತಾಸು ನಿಂತು ಇಸ್ತ್ರಿ ಹಾಕುತ್ತಿದ್ದುದರಿಂದ ಕಾಲು ಊದಿಕೊಂಡಿತ್ತು.

"ನಾನು ಬರ್ತೀನಿ," ಎಂದರು ಇಸ್ತ್ರಿಯಮ್ಮ. "ಆದ್ರೆ ತಾಯಿ ಆಗೇ ಬರ್ತೀನಿ. ಅತ್ತೆ ಗಿತ್ತೆ ಅಂತ ಬರೀಬೇಡಿ, ಆ ಕೆಲಸ ನನಗಾಗಲ್ಲ."

ಹೀಗೆ ಮೆಕ್ಯಾನಿಕ್ ಮಗನಾದ, ಹುಡುಗಿ ಮಗಳಾದಳು. ಅಷ್ಟರಲ್ಲಿ ಮೆಟ್ಟಿಲು ಹತ್ತಿಬಂದ ಪ್ಲಂಬರ್ ಒಬ್ಬ ತನ್ನ ಕಸುಬಿನ ಸರ್ಟಿಫಿಕೇಟಿಗೆ ಮೊಹರು ಬೇಕೆಂದ, ಅವನನ್ನೂ ಸೇರಿಸಿಕೊಂಡರು. ಸರದಿಯಲ್ಲಿ ಕೊನೆಯವನಾದ್ದರಿಂದ ಅವನು ಕಿರಿಯ ಮಗ. ಅವನಿಗೆ ಅರವತ್ತಮೂರು ವರ್ಷ. ತಾಯಿಗಿಂತ ಮಗ ಎರಡು ವರ್ಷ ದೊಡ್ಡವನಾಗಿದ್ದನ್ನು ನಾನು ಸಾಹೇಬರ ಗಮನಕ್ಕೆ ತಂದೆ. ಮೊಹರು ಬೀಳುತ್ತಿರುವುದು ಸಂಬಂಧಕ್ಕೇ ಹೊರತು ಹುಟ್ಟಿದ ತಾರೀಕಿಗಲ್ಲ ಎಂದು ಅವರು ತೀರ್ಪು ಕೊಟ್ಟರು. ನಾಲ್ವರೂ ಕುಟುಂಬ ಸಂಖ್ಯೆ ಹದಿನೇಳು ಎಂದು ದಾಖಲಾದರು.

ಆ ಸಂಜೆಯೇ ಇಸ್ತ್ರಿಯಮ್ಮನಿಗೆ ಜೀವ ಬಂತು. ಎರಡು ವಾರದಲ್ಲಿ ನಿಂತುಹೋಗಿದ್ದ ಪಿಂಚಣಿಯೂ ಬಂತು. ಕಾಲಿಗೆ ಔಷಧಿ ತಂದುಕೊಂಡು, ಮಿಕ್ಕಿದ್ದರಲ್ಲಿ ಮೂವರು ಮಕ್ಕಳಿಗೂ ಕಾಲುಚೀಲ ತಂದರು.

ತೊಡಕು ಬಂದದ್ದು ವಿವಾಹ ನೋಂದಣಿ ಕಚೇರಿಯಲ್ಲಿ. ನಮ್ಮ ಪತ್ರಗಳು ಎರಡು ಭಾಷೆಗಳಲ್ಲಿರುತ್ತವೆ, ಕುಟುಂಬ ದರದವುಗಳಲ್ಲಿ ತಾಯಿಯ ಹೆಸರೂ ಇರುತ್ತದೆ. ಅಲ್ಲಿನ ಅಧಿಕಾರಿ ಹೆಂಗಸು ಎರಡನ್ನೂ ಅಕ್ಕಪಕ್ಕ ಇಟ್ಟು ನಿಧಾನವಾಗಿ ಓದಿದರಂತೆ. ವರ ಅವಿವಾಹಿತ ಎನ್ನುವುದು ಖಚಿತವಾಗಿದೆ, ವಧು ಅವಿವಾಹಿತೆ ಎನ್ನುವುದೂ ಖಚಿತವಾಗಿದೆ, ಅಭಿನಂದನೆಗಳು ಎಂದರಂತೆ. ಆಮೇಲೆ, ಇಬ್ಬರ ತಾಯಿಯೂ ಒಬ್ಬರೇ ಎನ್ನುವುದು ಕೂಡ ಅಷ್ಟೇ ಖಚಿತವಾಗಿದೆ ಎಂದು ಕಾಗದಗಳನ್ನು ಹಿಂದಕ್ಕೆ ಕೊಟ್ಟರಂತೆ.

ಹದಿನಾರನೇ ತಾರೀಕು ಇಬ್ಬರೂ ನಮ್ಮ ಕೌಂಟರಿಗೆ ಬಂದರು. ಆ ಕುಟುಂಬವನ್ನೇ ರದ್ದುಮಾಡಿ ಎಂದು ಮೆಕ್ಯಾನಿಕ್ ಕೇಳಿಕೊಂಡ. ನಾನು ಒಂಬತ್ತನೇ ಕಲಮು ತೆಗೆದು ತೋರಿಸಿದೆ. ಕುಟುಂಬ ರದ್ದಾದರೆ ಅದರ ಆಧಾರದ ಮೇಲೆ ಬಿದ್ದ ಎಲ್ಲ ಮೊಹರುಗಳೂ ರದ್ದು. ಅಂದರೆ ಪ್ಲಂಬರನಿಗೆ ನಲ್ಲಿ ಜೋಡಿಸುವುದು ಬರದು ಎಂದಾಗುತ್ತದೆ, ಇಸ್ತ್ರಿಯಮ್ಮ ಪುನಃ ಇಲ್ಲವಾಗುತ್ತಾರೆ. ಈ ಸಲ ಪಿಂಚಣಿ ಪಡೆದಾದ ಮೇಲೆ ಇಲ್ಲವಾಗುವುದರಿಂದ ಅದು ವಂಚನೆಯೂ ಹೌದು.

ಹುಡುಗಿ ಕಾಗದಗಳನ್ನು ಕೌಂಟರಿನಿಂದ ಹಿಂದಕ್ಕೆ ತೆಗೆದುಕೊಂಡಳು.

"ಬೇಡ," ಎಂದಳು. "ನಾನು ಮದುವೆಯಾಗ್ಬೇಕು ಅಂತ ಅವರನ್ನ ಸಾಯಿಸೋಕಾಗಲ್ಲ. ಮೂವತ್ತಕ್ಕೆ ಹೊರಟುಬಿಡ್ತೀನಿ."

ಮೆಕ್ಯಾನಿಕ್ ಅವಳ ಕೈಚೀಲ ತೆಗೆದುಕೊಂಡು ಮೆಟ್ಟಿಲಿಳಿದ. ಮರುದಿನ ಒಂದು ಕಟ್ಟಡದ ಲಿಫ್ಟಿನಲ್ಲಿ ಮೂವರು ಸಿಕ್ಕಿಕೊಂಡಾಗ ಇವನು ಹೋಗಿ ಬಾಗಿಲು ತೆಗೆಯುವುದನ್ನು ಬಿಟ್ಟು ಆಚೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದನಂತೆ. ಒಳಗಿನವರೇ ಇವನಿಗೆ ಸಮಾಧಾನ ಹೇಳಿದರು ಎಂದು ಕೇಳಿದ್ದೇನೆ.

ಸುದ್ದಿ ತಿಳಿದ ಇಸ್ತ್ರಿಯಮ್ಮ ಕೆಲಸದ ಬಟ್ಟೆಯಲ್ಲೇ ಓಡಿಬಂದು ಸಾಹೇಬರ ಎದುರು ಕೂತರು. ಮಗನನ್ನು ಕುಟುಂಬದಿಂದ ಆಚೆ ಹಾಕಲು ದಾರಿಯಿದೆಯೇ ಎಂದು ವಿಚಾರಿಸಿದರು. ಕುಟುಂಬದಿಂದ ಹೊರಬೀಳಲು ನಿಯಮದಲ್ಲಿ ಮೂರೇ ದಾರಿಗಳಿವೆ: ಮರಣ, ಮಗಳಾದರೆ ಮದುವೆ, ಮಗನಾದರೆ ದತ್ತು. ಮೊದಲನೆಯದಕ್ಕೆ ಸಮಯ ಸಾಲದು ಎಂದು ಸಾಹೇಬರು ಅಭಿಪ್ರಾಯಪಟ್ಟರು. ಎರಡನೆಯದೇ ಈಗಿನ ತೊಡಕು. ಉಳಿದದ್ದು ದತ್ತು. ದತ್ತು ಹೋಗುವವನ ವಯಸ್ಸಿಗೆ ಮಿತಿ ಹಾಕಲು ನಿಯಮ ಬರೆದವರಿಗೆ ಹೊಳೆದಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಹೊಳೆದೂ ಬಿಟ್ಟರು ಎಂದು ನಾನು ನಂಬಿದ್ದೇನೆ.

ಅದೃಷ್ಟಕ್ಕೆ ಕುಟುಂಬ ಸಂಖ್ಯೆ ಹದಿನೆಂಟರಲ್ಲಿ ಒಬ್ಬರ ಕೊರತೆ ಬಿದ್ದಿತ್ತು. ಅದು ಒಬ್ಬ ಟ್ಯಾಕ್ಸಿ ಡ್ರೈವರನ ಕುಟುಂಬ. ಅವನ ರೂಮಿನವನು ಅವನಿಗೆ ಹಿರಿಯ ಮಗ; ಕಿರಿಯ ಮಗ ಹೇಳದೆ ಕೇಳದೆ ಕೆಲಸ ಬಿಟ್ಟು ಊರಿಗೆ ಹೋಗಿಬಿಟ್ಟಿದ್ದ. ಮೂರನೆಯವನಿಲ್ಲದೆ ಡ್ರೈವರನ ಲೈಸೆನ್ಸ್ ಪ್ರತಿ ನಮ್ಮ ಬಾಕಿ ಕಾಗದಗಳ ತಟ್ಟೆಯಲ್ಲೇ ಬಿದ್ದಿತ್ತು. ಮೆಕ್ಯಾನಿಕ್‌ಗಿಂತ ನಾಲ್ಕು ವರ್ಷ ಚಿಕ್ಕವನಾದರೂ ತಂದೆಯಾಗಲು ಅವನು ಹಿಂದೆಮುಂದೆ ನೋಡಲಿಲ್ಲ. ಹುಡುಗನಿಗೆ ದುಶ್ಚಟ ಏನಾದರೂ ಇದೆಯೇ ಎಂದು ಮಾತ್ರ ಕೇಳಿದ.

ಇಪ್ಪತ್ತೊಂದನೇ ತಾರೀಕು ದತ್ತುಪತ್ರಕ್ಕೆ ಸಹಿ. "ನಾನು ನನ್ನ ಹಿರಿಯ ಮಗನನ್ನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಬದಲಿಗೆ ಏನನ್ನೂ ಪಡೆಯದೆ ಬಿಟ್ಟುಕೊಡುತ್ತಿದ್ದೇನೆ" ಎಂದು ನಾನು ಗಟ್ಟಿಯಾಗಿ ಓದಿದೆ, ಓದುವುದು ಕಡ್ಡಾಯ. ಇಸ್ತ್ರಿಯಮ್ಮ ಪೆನ್ನು ಹಿಡಿದವರು ಹಿಡಿದೇ ಇದ್ದರು. ಅವರಿಗೆ ಮಕ್ಕಳಿರಲಿಲ್ಲ ಎನ್ನುವುದು ನನಗೆ ಆಗ ನೆನಪಾಯಿತು; ಅರ್ಜಿಯ ಹಳೆಯ ಪ್ರತಿಯಲ್ಲಿ ಆ ಜಾಗದಲ್ಲಿ ಅಡ್ಡಗೆರೆ ಎಳೆದಿದ್ದರು. ಪತ್ರದ ಮೇಲೆ ಎರಡು ಹನಿ ಬಿದ್ದವು. ಒದ್ದೆಯಾದ ಪ್ರತಿಗೆ ಮೊಹರು ಹತ್ತುವುದಿಲ್ಲವಾದ್ದರಿಂದ ಇನ್ನೊಂದು ಪ್ರತಿ ತೆಗೆಯಬೇಕಾಯಿತು. ಅದೂ ಒದ್ದೆಯಾಯಿತು. ಮೂರನೆಯದನ್ನು ನಾನೇ ಕೈಯಲ್ಲಿ ಎತ್ತಿ ಹಿಡಿದುಕೊಂಡು ಸಹಿ ಮಾಡಿಸಿದೆ. ಹೆಚ್ಚುವರಿ ಪ್ರತಿಗಳ ಶುಲ್ಕವನ್ನು ಬರೆಯಲು ಮರೆತೆ. ಹನ್ನೊಂದು ವರ್ಷದಲ್ಲಿ ನನ್ನಿಂದಾದ ಏಕೈಕ ಲೋಪ ಅದು.

ಮೆಕ್ಯಾನಿಕ್ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಟ್ಯಾಕ್ಸಿ ಡ್ರೈವರ್, ಗಾಡಿ ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದೇನೆ, ನಡೀಪ್ಪಾ ಎಂದು ಮಗನ ತೋಳು ಹಿಡಿದು ಕರೆದುಕೊಂಡು ಹೋದ.

ಮಾರನೆಯ ದಿನ ಡ್ರೈವರ್ ಇಸ್ತ್ರಿಯಮ್ಮನ ಕೋಣೆಗೆ ಹೆಣ್ಣು ಕೇಳಲು ಹೋದ. ನಿಯಮದಲ್ಲಿ ಇದು ಬೇಕಿರಲಿಲ್ಲ. ಆದರೆ ತಂದೆಯಾದ ಮೇಲೆ ಕ್ರಮ ತಪ್ಪಬಾರದು ಎಂದು ಅವನ ವಾದ. ಇದ್ದ ಒಂದೇ ಕುರ್ಚಿಯ ಮೇಲೆ ಅವನನ್ನು ಕೂರಿಸಿ, ಹುಡುಗಿ ಮಂಚದ ಮೇಲೆ ಕೂತಳು. ಪ್ಲಂಬರ್ ತಮ್ಮನ ಸ್ಥಾನದಲ್ಲಿ ಬಾಗಿಲ ಬಳಿ ನಿಂತ. ಡ್ರೈವರ್ ಕೋಣೆಯನ್ನೊಮ್ಮೆ ನೋಡಿ, ಹುಡುಗಿಗೆ ಅಣ್ಣ ಇದ್ದಾನೆ ಅಂತ ಕೇಳಿದ್ದೆ, ಏನು ಮಾಡ್ಕೊಂಡಿದ್ದಾನೆ ಎಂದು ವಿಚಾರಿಸಿದ.

"ಇದ್ದ," ಎಂದರು ಇಸ್ತ್ರಿಯಮ್ಮ. "ಅವನನ್ನ ನಿನ್ನೆ ನಿಮಗೇ ಕೊಟ್ವಲ್ಲ."

ಡ್ರೈವರ್ ಹೌದೌದು ಎಂದು ತಲೆಯಾಡಿಸಿ ಸಂಬಂಧ ಒಪ್ಪಿದ.

ಇಪ್ಪತ್ತನಾಲ್ಕರಂದು ಹತ್ತು ಗಂಟೆ ಹತ್ತು ನಿಮಿಷಕ್ಕೆ ನೋಂದಣಿ ಆಯಿತು. ಅಧಿಕಾರಿ ಹೆಂಗಸು ಹೊಸ ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿದರು. ವರ ಮೂರು ದಿನದ ಹಿಂದಿನ ತನಕ ವಧುವಿಗೆ ಅಣ್ಣನಾಗಿದ್ದನೆಂದು ದತ್ತುಪತ್ರದಲ್ಲೇ ಸ್ಪಷ್ಟವಾಗಿ ಬರೆದಿತ್ತು. ಅವರು ಮೊಹರನ್ನು ಬೆಳಕಿಗೆ ಹಿಡಿದು ನೋಡಿ, ಮೊಹರು ಸರಿಯಾಗಿದೆ ಎಂದರು. ಎರಡೂ ಕಡೆಯವರು ಸಾಲಾಗಿ ನಿಂತರು. ಇಸ್ತ್ರಿಯಮ್ಮ ಅಳಿಯನನ್ನು ಏಕವಚನದಲ್ಲಿ ಮಾತಾಡಿಸಬಾರದೆಂದು ಗಟ್ಟಿಮನಸ್ಸು ಮಾಡಿದ್ದರು. "ಬನ್ನಿ, ಕೂತ್ಕೊಳ್ಳಿ" ಎಂದವರು, ಅವನ ಅಂಗಿಯ ಕಾಲರು ಸುಕ್ಕಾಗಿದ್ದನ್ನು ನೋಡಿ, "ಇದೇನೋ ಇದು, ತೆಗಿ ಇಲ್ಲಿ" ಎಂದುಬಿಟ್ಟರು.

ಆಮೇಲೆ ಮಗಳು ಗಂಡನ ಕುಟುಂಬಕ್ಕೆ ಸೇರಿದಳು. ಬಾಡಿಗೆ ಕೋಣೆ ಹಿಡಿದು ಅವಳೂ ಮೆಕ್ಯಾನಿಕ್ಕೂ ಸುಖವಾಗಿದ್ದಾರೆ. ಹದಿನೆಂಟರಲ್ಲಿ ಈಗ ನಾಲ್ವರು. ಹದಿನೇಳರಲ್ಲಿ ಇಬ್ಬರೇ ಉಳಿದರು.

ಮುಂದಿನ ವರ್ಷ ಇಸ್ತ್ರಿಯಮ್ಮ ಮತ್ತೆ ಬದುಕಿರುವ ಕಾಗದ ಹಿಡಿದು ಬಂದರು. ಇಬ್ಬರಿಗೆ ಕುಟುಂಬ ದರ ಕೊಡಲು ಬರುವುದಿಲ್ಲ ಎಂದು ನಾನು ತಿಳಿಸಿದೆ. ಅವರು ಕಾಗದ ಮಡಚಲಿಲ್ಲ. ಸಿಬ್ಬಂದಿಗೆ ಇಲ್ಲಿ ಮೊಹರು ಪುಕ್ಕಟೆಯೇ ಎಂದು ಕೇಳಿದರು. ಅಲ್ಲ ಎಂದೆ, ಪಕ್ಷಪಾತವೆನಿಸಬಾರದೆಂದು ಸಿಬ್ಬಂದಿಗೆ ಪೂರ್ತಿ ದರ, ಆರು ವರ್ಷದಿಂದ ನನ್ನದೊಂದು ಬ್ಯಾಂಕಿನ ಪತ್ರ ಅದಕ್ಕೇ ಹಾಗೆಯೇ ಇದೆ ಎಂದೆ. ಅವರು ಕೌಂಟರಿನ ಗಾಜಿನ ತೂತಿನ ಹತ್ತಿರ ಬಗ್ಗಿದರು.

"ನಿಮಗೆ ತಾಯಿ ಇದ್ದಾರಾ?"

ಇಲ್ಲ, ತೀರಿಹೋಗಿ ಒಂಬತ್ತು ವರ್ಷವಾಯಿತು ಎಂದೆ.

"ಹಾಗಾದ್ರೆ ತಗೋ, ಇಲ್ಲಿ ಸೈನ್ ಮಾಡು," ಎಂದರು.

ನಾನು ಮಾಡಿದೆ. ಪ್ಲಂಬರನಿಗೆ ಬಡ್ತಿ ಸಿಕ್ಕಿ ಅವನು ಅಣ್ಣನಾದ. ಸಾಹೇಬರು ಪತ್ರವನ್ನು ಪರಿಶೀಲಿಸಿ ಮೊಹರು ಒತ್ತಿದರು. ಈಗ ತಿಂಗಳಿಗೊಮ್ಮೆ ಅವರು ಕೆಲಸ ಮುಗಿಸಿ ಮೂರು ಮಹಡಿ ಹತ್ತಿ ಬರುತ್ತಾರೆ. ನಿಮ್ಮ ತಾಯಿಯವರು ಬಂದಿದ್ದಾರೆ ನೋಡ್ರೀ ಎಂದು ಸಾಹೇಬರು ಒಳಗಿನಿಂದ ಕೂಗುತ್ತಾರೆ, ಅವರಿಗೆ ಕುರ್ಚಿಯ ಶುಲ್ಕ ಹಾಕುವುದಿಲ್ಲ. ಹೋದ ವಾರ ನಾನು ಮಧ್ಯಾಹ್ನದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟದ್ದು ಅವರ ಕಣ್ಣಿಗೆ ಬಿತ್ತು.

"ಚಿಕ್ಕವನಿದ್ದಾಗಿಂದ ಇವನು ಹೀಗೇ," ಎಂದು ಸಾಹೇಬರಿಗೆ ಹೇಳಿದರು. "ತಟ್ಟೆ ಹಿಡ್ಕೊಂಡು ಹಿಂದೆ ಹಿಂದೆ ಓಡ್ಬೇಕಿತ್ತು."

ಹೌದೇನ್ರೀ ಎಂದು ಸಾಹೇಬರು ನನ್ನ ಕಡೆ ನೋಡಿದರು.

ಹೌದು ಸಾರ್ ಎಂದೆ, ಡಬ್ಬಿ ತೆಗೆದೆ.