ಅಲ್ಲಾಡದ ಕಲ್ಲು

ಬಂಡೆಕುಂಟೆ ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿ ಹಾಸಿದ ಯಾವುದೇ ಕಲ್ಲು ಮೆಟ್ಟಿದ ತಕ್ಷಣ ಅಲ್ಲಾಡುತ್ತದೆ. ಮಳೆಗಾಲದಲ್ಲಿ ಅಡಿಯಿಂದ ಕೆಸರುನೀರನ್ನೂ ಮಂಡಿಯವರೆಗೆ ಚಿಮ್ಮಿಸುತ್ತದೆ. ಶಿಡ್ಲಘಟ್ಟದ ಕಡೆಯಿಂದ ಬಂದವರು ಇದನ್ನು ದೋಷವೆಂದು ಭಾವಿಸುವುದುಂಟು. ಊರಿನವರು ಹಾಗೆ ಭಾವಿಸುವುದಿಲ್ಲ. ಹೆಜ್ಜೆ ಇಡುವ ಮೊದಲೇ ಸೊಂಟವನ್ನು ತುಸು ಎಡಕ್ಕೆ ವಾಲಿಸುವುದನ್ನು ಅವರು ಚಿಕ್ಕಂದಿನಲ್ಲೇ ಕಲಿತಿರುತ್ತಾರೆ.

ಹೈಸ್ಕೂಲು ಮೇಷ್ಟ್ರು ಚಲಪತಿಯ ತಾಯಿ ಗೋದಮ್ಮ ಒಂದು ಬೆಳಿಗ್ಗೆ ವಾಲಿಸುವುದನ್ನು ಮರೆತರು. ಬಸ್ ಸ್ಟಾಂಡ್ ಎದುರಿನ ಕಲ್ಲು ಅವರನ್ನು ನೇರ ಚರಂಡಿಗೆ ಕಳಿಸಿತು. ಮುರಿದ ಮೂಳೆ ಕೂಡಿಕೊಂಡರೂ ಗೋದಮ್ಮ ಮತ್ತೆ ಹೊಸಿಲು ದಾಟಲಿಲ್ಲ. ಹಿತ್ತಲ ಸೀಬೆಮರದ ಕೆಳಗೆ ಬಿಸಿಲು ಕಾಯಿಸುತ್ತ ಅವರೆಕಾಳು ಹಿತುಕುತ್ತಿದ್ದವರು ಈಗ ಕಿಟಕಿಯಿಂದ ಮರ ನೋಡುತ್ತ ಕೂತರು.

"ಕಾಲಿಟ್ರೆ ಸುಮ್ನಿರೋ ಒಂದು ಕಲ್ಲು ತೋರ್ಸೋ, ಬರ್ತೀನಿ" ಎಂದರು ಮಗನಿಗೆ.

ಚಲಪತಿ ಫೋನಿನಲ್ಲಿ ವಿಡಿಯೊ ನೋಡಿ, ಹಿತ್ತಲಿಗೆ ತಾನೇ ಕಲ್ಲು ಹಾಸಲು ನಿಂತ. ಮಣ್ಣು ಅಗೆದು ದಿಮ್ಮಸಿನಿಂದ ಬಡಿದ. ಜಲ್ಲಿ ಸುರಿದು ಮತ್ತೆ ಬಡಿದ. ಎಂ-ಸ್ಯಾಂಡ್ ಹರಡಿ, ದಾರ ಕಟ್ಟಿ, ಮಳೆನೀರು ಮನೆಯಿಂದಾಚೆ ಹರಿಯುವಂತೆ ಇಳಿಜಾರು ಕೊಟ್ಟ. ಪೆರೇಸಂದ್ರದ ಕಡೆಯಿಂದ ತರಿಸಿದ ಚಪ್ಪಡಿಗಳನ್ನು ಒಂದೊಂದಾಗಿ ಕೂರಿಸಿ ರಸಮಟ್ಟ ಇಟ್ಟು ಮಟ್ಟ ನೋಡಿದ. ದಸರಾ ರಜೆ ಮುಗಿದು, ಭಾನುವಾರಗಳೂ ಕರಗಿ, ಅವರೆಕಾಯಿ ಮಾರ್ಕೆಟ್ಟಿಗೆ ಬರುವ ಹೊತ್ತಿಗೆ ಕೆಲಸ ಮುಗಿಯಿತು.

ಗೋದಮ್ಮ ಊರುಗೋಲಿನಿಂದ ಕಲ್ಲನ್ನು ಕುಟ್ಟಿದರು. ಒಂದು ಕಾಲಿಟ್ಟು ಕಾದರು. ಕಲ್ಲು ಸುಮ್ಮನಿತ್ತು. ಹಾಗೇ ಸೀಬೆಮರದವರೆಗೂ ನಡೆದು ಹೋಗಿ ಕೂತರು.

"ಪರವಾಗಿಲ್ಲ ಕಣೋ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಸುದ್ದಿ ಕೇಳಿ ಗುತ್ತಿಗೆದಾರ ಆವುಲಪ್ಪ ಬಂದ. ಊರಿನ ಕಲ್ಲುಗಳನ್ನೆಲ್ಲ ಹಾಸಿದವನು, ವರ್ಷವರ್ಷವೂ ಕಿತ್ತು ಮತ್ತೆ ಹಾಸುವವನು ಅವನೇ. ರೂಢಿಯಂತೆ ಸೊಂಟವನ್ನು ಎಡಕ್ಕೆ ವಾಲಿಸಿ ಕಾಲಿಟ್ಟ. ಕಲ್ಲು ವಾಲಲಿಲ್ಲ. ಆವುಲಪ್ಪ ಪುದೀನ ಮಡಿಯಲ್ಲಿ ಬಿದ್ದ.

"ಏನ್ ಮೇಷ್ಟ್ರೇ ಇದು! ಅಲ್ಲಾಡಲ್ಲ ಅಂತ ಮುಂಚೆನೇ ಹೇಳ್ಬಾರ್ದಾ?"

"ಕಲ್ಲು ಅಲ್ವೇನಪ್ಪ, ಅದನ್ನೂ ಹೇಳ್ಬೇಕಾ?"

"ಹೇಳ್ಬೇಕು! ನಂಬಿ ಕಾಲಿಟ್ಟೋನು ನಾನು."

"ಏಳಪ್ಪ, ಪಾಪ. ನಿನ್ ಕಲ್ಲಿನ್ ಮೇಲೆ ನಾನೂ ಹಿಂಗೇ ಬಿದ್ದಿದ್ದು" ಎಂದರು ಗೋದಮ್ಮ.

"ಅದು ಬೇರೆ ಅಮ್ಮಾ. ಅದಕ್ಕೆ ಬಿಲ್ ಪಾಸಾಗಿದೆ."

ಮರುದಿನ ಪಂಚಾಯಿತಿಯ ಎಂಜಿನಿಯರ್ ಭಾನುಪ್ರಕಾಶ್ ಗೋಡೆ ಹಿಡಿದುಕೊಂಡು ಕಲ್ಲಿನ ಮೇಲಿಳಿದರು. ನಾಲ್ಕಾರು ಕಡೆ ಹಾರಿ ನೋಡಿದರು. ಮುಂದಿನ ವರ್ಷ ದುರಸ್ತಿ ಮಾಡಲು ಇದರಲ್ಲಿ ಏನೂ ಉಳಿದಿಲ್ಲವೆಂದು ಮನಗಂಡಾಗ ಅವರ ಮುಖ ಬಾಡಿತು. ಸಂಜೆ ಗೇಟಿಗೆ ನೋಟಿಸು ಅಂಟಿತು:

"ತಮ್ಮ ಹಿತ್ತಲಿನ ಕಲ್ಲುಹಾಸು ನಿಶ್ಚಲವಾಗಿರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿರುತ್ತದೆ. ಚಲಿಸುವ ಕಲ್ಲುಗಳಿಗೆ ಹೊಂದಿಕೊಂಡಿರುವ ಸಾರ್ವಜನಿಕರ ಸೊಂಟಕ್ಕೆ ಇದರಿಂದ ಅಪಾಯವಿರುವ ಪ್ರಯುಕ್ತ, ಸದರಿ ಕಲ್ಲುಗಳಿಗೆ ನಿಯಮಾನುಸಾರ ಅಲುಗಾಟ ಒದಗಿಸತಕ್ಕದ್ದು. ತಪ್ಪಿದಲ್ಲಿ ಕಿತ್ತುಹಾಕಲಾಗುವುದು."

ಚಲಪತಿ ಕಚೇರಿಗೆ ಓಡಿದ. "ಸಾರ್, ಅದು ನಮ್ಮ ಹಿತ್ತಲು. ಸಾರ್ವಜನಿಕರು ಬರಲ್ಲ."

"ಆವುಲಪ್ಪ ಬಂದ್ರಲ್ಲ?" ಎಂದರು ಭಾನುಪ್ರಕಾಶ್.

"ಅವರು ಕರೀದೇ ಬಂದಿದ್ದು."

"ಸಾರ್ವಜನಿಕರು ಯಾವತ್ತೂ ಕರೀದೇನೇ ಬರೋದು ಮೇಷ್ಟ್ರೇ."

ಅಲುಗಾಟ ಒದಗಿಸುವ ಕೆಲಸವನ್ನು ಅನುಭವಸ್ಥನೆಂಬ ಕಾರಣಕ್ಕೆ ಆವುಲಪ್ಪನಿಗೇ ವಹಿಸಲಾಯಿತು. ಅವನ ಆಳುಗಳು ಕಲ್ಲು ಕಿತ್ತು ಮತ್ತೆ ಇಟ್ಟರು. ಅಡಿಯ ನೆಲ ಅಷ್ಟು ಗಟ್ಟಿಯಾಗಿದ್ದರಿಂದ ಕಲ್ಲು ಕದಲಲಿಲ್ಲ. ಮತ್ತೆ ಕಿತ್ತರು, ಮತ್ತೆ ಇಟ್ಟರು.

"ಅಲ್ಲಾಡ್ಲಿ ಅಂತ ನಾವ್ಯಾವತ್ತೂ ಕೂರ್ಸಿಲ್ಲ ಸಾರ್" ಎಂದು ಆವುಲಪ್ಪ ಎಂಜಿನಿಯರ್ ಮುಂದೆ ಕೈಚೆಲ್ಲಿದ. "ಅದು ತಾನಾಗೇ ಆಗ್ತಿತ್ತು."

ಕೆಲಸ ಮತ್ತೆ ಚಲಪತಿಯ ಕೈಗೇ ಬಂತು. ಮಾಡದಿದ್ದರೆ ಕಲ್ಲೇ ಹೋಗುತ್ತದೆ. ಅವನಿಗೆ ಯಾವ ಕೆಲಸವನ್ನೂ ಕೆಟ್ಟದಾಗಿ ಮಾಡಿ ಗೊತ್ತಿರಲಿಲ್ಲ. ಒಂದೊಂದು ಚಪ್ಪಡಿಯ ಮೂಲೆಯಡಿ ಮರಳು ಕೆದಕಿ ತೆಗೆದು, ರಸಮಟ್ಟ ಇಟ್ಟು, ಎಲ್ಲವೂ ಒಂದೇ ಸಮ ವಾಲುವಂತೆ ಮಾಡಿದ. ಭಾನುಪ್ರಕಾಶ್ ಈ ಸಲ ಗೋಡೆ ಹಿಡಿಯದೆ, ಸೊಂಟ ವಾಲಿಸಿ, ಸರಾಗವಾಗಿ ನಡೆದಾಡಿದರು.

"ನೋಡಿ, ಇದು ಕಲ್ಲು" ಎಂದರು.

ಗೋದಮ್ಮನವರ ವಯಸ್ಸನ್ನು ಪರಿಗಣಿಸಿ ಒಂದು ಕಲ್ಲಿಗೆ ಮಾತ್ರ ವಿನಾಯಿತಿ ದೊರೆಯಿತು. ಸೀಬೆಮರದ ಕೆಳಗಿನದನ್ನು ಕೇಳೋಣವೆಂದುಕೊಂಡ ಚಲಪತಿ, ಅಮ್ಮ ಅಲ್ಲಿಗೆ ಹೋಗುವುದು ಹೇಗೆಂದು ಯೋಚಿಸಿ, ಬಾಗಿಲ ಬುಡದ್ದನ್ನು ಕೇಳಿದ. ಪಂಚಾಯಿತಿ ಅದರ ಪಕ್ಕ ಕೆಂಪು ಬೋರ್ಡು ನೆಟ್ಟಿತು: "ಎಚ್ಚರಿಕೆ! ಈ ಕಲ್ಲು ಅಲ್ಲಾಡುವುದಿಲ್ಲ."

ಈಗ ಗೋದಮ್ಮ ಆ ಒಂದು ಕಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡು, ಮರದ ಕಡೆ ಮುಖ ಮಾಡಿ ಅವರೆಕಾಳು ಹಿತುಕುತ್ತಾರೆ. ಸೀಬೆಹಣ್ಣು ಬಿದ್ದರೆ ಚಲಪತಿ ಸೊಂಟ ವಾಲಿಸಿಕೊಂಡು ಹೋಗಿ ಆರಿಸಿ ತರುತ್ತಾನೆ. ಮೊನ್ನೆ ಆವುಲಪ್ಪ ಒಂದು ಚೀಲ ಅವರೆಕಾಯಿ ತಂದುಕೊಟ್ಟ. ಅವನು ಬಾಗಿಲ ಹತ್ತಿರ ಬರುತ್ತಿದ್ದಂತೆ ಗೋದಮ್ಮ ಗಾಬರಿಯಿಂದ ಊರುಗೋಲು ಅಡ್ಡ ಹಿಡಿದರು.

"ನೋಡ್ಕೊಂಡು ಬಾರಪ್ಪ. ಇದು ಅಲ್ಲಾಡಲ್ಲ, ಬಿದ್ದುಬಿಟ್ಟೀಯ."