ಬೊಮ್ಮಪ್ಪನ ಕೋರ್ಟ್ ತಾರೀಖು

“ಹೋಗ್ಲಿಲ್ಲ ಅಂದ್ರೆ? ಇವತ್ತು ಹಡಗಲಿ ಕೋರ್ಟಿನ್ಯಾಗ ತಾರೀಖು ಐತಿ ಅಂತ ಗೊತ್ತಿದ್ದೂ ಹೋಗ್ಲಿಲ್ಲಾ?”

ತಿಪ್ಪೇರುದ್ರಮ್ಮ ಮಲ್ಲಿಗೆ ಕಟ್ಟುವುದನ್ನು ಅಲ್ಲಿಗೇ ನಿಲ್ಲಿಸಿದಳು. ಹೆಂಡತಿಯ ಕೈ ನಿಂತರೆ ಬಾಯಿ ಶುರುವಾಗುತ್ತದೆಂಬುದು ಬೊಮ್ಮಪ್ಪನ ಮೂವತ್ತು ವರ್ಷದ ಅನುಭವ. ಆದರೂ ಆಸಾಮಿ ಆರಾಮಾಗಿ ಗೋಡೆಗೊರಗಿ ಕೂತಿದ್ದ.

“ನಾ ಯಾಕ ಹೋಗ್ಲಿ? ಹೊಲದ ಬದುವಿನ ಕೇಸು ಹನ್ನೊಂದು ವರ್ಷ ನಡೀತು, ಒಂದು ದಿನಾನರ ಹೋಗಿದ್ನೇನು? ‘ಬೊಮ್ಮಪ್ಪ, ನೀ ಬರಬ್ಯಾಡ, ನಾ ನೋಡ್ಕಂತೀನಿ’ ಅಂತ ನಮ್ಮ ವಕೀಲ್ರ ಹೇಳ್ತಿದ್ರು.”

“ಅದು ಆಗಿನ ಕೇಸು. ಈಗಿನ ಕೇಸು ಯಾರ ಮ್ಯಾಲೆ?”

“ನನ್ನ ಮ್ಯಾಲೆ.”

“ಹಾಕಿದೋರು ಯಾರು?”

“ನಮ್ಮ ವಕೀಲ್ರು.”

“ಯಾಕ?”

“ಹದಿನೆಂಟು ಸಾವಿರ ಫೀಸು ಕೊಟ್ಟಿಲ್ಲ ಅಂತ. ನೀನ ಹೇಳು, ಅವರೇನು ಗೆಲ್ಲಿಸಿದ್ರಾ? ನಾನೂ ನಿಮ್ಮಣ್ಣನೂ ನಾವ ನಾವ ರಾಜಿ ಆದ್ವಿ.”

“ನಮ್ಮಣ್ಣನ ಸುದ್ದಿ ತೆಗೀಬ್ಯಾಡ್ರಿ! ಇವತ್ತು ನಿಮ್ಮ ಪರ ಯಾರು ನಿಂತಿದ್ರು ಅಲ್ಲಿ?”

“ವಕೀಲ್ರು ಅದಾರಲ್ಲ. ನಿನ್ನೇನ ಫೋನ್ ಮಾಡಿ, ‘ಸಾಹೇಬ್ರ, ಹೊಲದಾಗ ಮಲ್ಲಿಗಿ ಮಗ್ಗು ಬಿಡಿಸೋದೈತಿ, ಮುಂದಿನ ತಾರೀಖು ತಗೊಳ್ರಿ’ ಅಂದೀನಿ.”

“ಯಾವ ವಕೀಲ್ರಿಗೆ?”

“ನಮಗ ಎಷ್ಟು ವಕೀಲ್ರು ಅದಾರ?”

ತಿಪ್ಪೇರುದ್ರಮ್ಮ ಹಣೆ ಚಚ್ಚಿಕೊಂಡಳು. ಮಡಿಲಿನ ಹೂವೆಲ್ಲ ಚೆಲ್ಲಿತು.

“ಕೇಸ್ ಹಾಕಿದೋರಿಗೇ ತಾರೀಖು ತಗೊಳ್ರಿ ಅಂದ್ರ್ಯಾ! ಏನಂದ್ರು ಅವರು?”

“ಏನೂ ಅನ್ಲಿಲ್ಲ. ಸಿಟ್ಟಿನ್ಯಾಗ ಅದಾರಲ್ಲ, ಫೋನ್ ಇಟ್ರು.”

“ನೀವು ಬಂದಿಲ್ಲ ಅಂತ ಜಡ್ಜ್ ಸಾಹೇಬ್ರು ಅವರ ಕಡಿಗೇ ಆರ್ಡರ್ ಬರೆದಿರ್ತಾರ. ನಾಳೆ ಕೋರ್ಟಿನ ಅಮೀನ ಬಂದು ಬೋರಿನ ಮೋಟ್ರು ಜಪ್ತಿ ಮಾಡಿದ್ರ ಮಲ್ಲಿಗಿ ಗಿಡಕ್ಕ ನಿಮ್ಮ ಬೆವರು ಬಿಡ್ತೀರೇನು?”

ಮೋಟ್ರು ಎಂದ ಕೂಡಲೇ ಬೊಮ್ಮಪ್ಪ ಗೋಡೆ ಬಿಟ್ಟು ನೆಟ್ಟಗೆ ಕೂತ. ನೀರಿಲ್ಲದಿದ್ದರೆ ಅರ್ಧ ಎಕರೆ ಮಲ್ಲಿಗೆ ವಾರದಲ್ಲಿ ಒಣಗುತ್ತದೆ, ಮನೆಯ ಒಲೆ ಅದರ ಮೇಲೇ ಉರಿಯುವುದು. ಕೇಸ್ ಹಾಕಿದ ವಕೀಲ ಗುರುಬಸವರಾಜರಿಗೇ ಫೋನ್ ಹಚ್ಚಿ, ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿದ.

“ಸಾಹೇಬ್ರ, ಇವತ್ತು ಏನಾತ್ರಿ?”

“ಏನಾಗ್ತೈತಿ, ನನ್ನ ಮರ್ಯಾದಿ ಹೋತು! ಜವಾನ ‘ಬೊಮ್ಮಪ್ಪ’ ಅಂತ ಕೂಗಿದ. ಹನ್ನೊಂದು ವರ್ಷದ ರೂಢಿ ನೋಡು, ಎದ್ದು ನಿಂತು, ‘ನಮ್ಮ ಪಾರ್ಟಿಗೆ ಜ್ವರ ಐತಿ ಸ್ವಾಮಿ, ಟೈಮ್ ಕೊಡ್ರಿ’ ಅಂದುಬಿಟ್ಟೆ!”

“ಜಡ್ಜ್ ಸಾಹೇಬ್ರು?”

“‘ವಕೀಲರೇ, ಈ ಕೇಸಿನಲ್ಲಿ ನೀವು ವಾದಿಯೋ, ಪ್ರತಿವಾದಿಯೋ?’ ಅಂದ್ರು. ಇಡೀ ಕೋರ್ಟು ನಕ್ತು. ಆಮ್ಯಾಲೆ ಒಂದು ತಿಂಗಳು ಟೈಮ್ ಕೊಟ್ರು.”

ತಿಪ್ಪೇರುದ್ರಮ್ಮ ಉಸಿರುಬಿಟ್ಟು ಹೂ ಆರಿಸತೊಡಗಿದಳು. ಮೋಟ್ರು ಉಳಿಯಿತು. ಬೊಮ್ಮಪ್ಪನಿಗೆ ನಿಜಕ್ಕೂ ಕಣ್ಣು ತುಂಬಿ ಬಂತು.

“ನಿಮ್ಮಂಥ ವಕೀಲ್ರು ಹುಡುಕಿದ್ರೂ ಸಿಗಂಗಿಲ್ಲ ಸಾಹೇಬ್ರ.”

“ಹೊಗಳಿದ್ದು ಸಾಕು. ಇವತ್ತು ತಾರೀಖು ತಗೊಂಡಿದ್ದಕ್ಕ ಐದುನೂರು ಫೀಸು ಆತು. ಅದನ್ನರ ಕೊಡ್ತಿಯೋ, ಇಲ್ಲೋ?”

“ಇಲ್ಲ ಅಂತೀನೇನ್ರಿ? ಅದನ್ನೂ ಇದ ಕೇಸಿನ್ಯಾಗ ಸೇರಿಸಿಬಿಡ್ರಿ.”